ನೈಟ್ರಸ್ ಬಾಟಲಿಯೂ ಪೆಟ್ರೋಲಿನ ಲೆಕ್ಕವೂ



ನಿಮ್ಮ ಮನೆಯಲ್ಲಿ ಹದಿನಾರು ಹದಿನೇಳರ ಹುಡುಗನಿದ್ದರೆ ‘ನೈಟ್ರೋ’ ಎಂಬ ಶಬ್ದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಮೊಬೈಲಿನ ಪರದೆಯ ಮೇಲೆ ಕಾರು ಓಡುತ್ತಿರುತ್ತದೆ. ಹುಡುಗ ಒಂದು ಗುಂಡಿ ಒತ್ತುತ್ತಾನೆ. ಕಾರಿನ ಹಿಂದೆ ನೀಲಿ ಬೆಂಕಿ ಚಿಮ್ಮುತ್ತದೆ, ಮುಂದಿದ್ದ ಗಾಡಿಗಳೆಲ್ಲ ಕ್ಷಣದಲ್ಲಿ ಹಿಂದೆ ಬೀಳುತ್ತವೆ. 2001ರಲ್ಲಿ ಬಂದ ‘ದ ಫಾಸ್ಟ್ ಆ್ಯಂಡ್ ದ ಫ್ಯೂರಿಯಸ್’ ಎಂಬ ಹಾಲಿವುಡ್ ಚಿತ್ರ ಈ ಗುಂಡಿಯನ್ನು ಜಗತ್ತಿಗೆಲ್ಲ ಪರಿಚಯಿಸಿತು. ಆಮೇಲಿನ ವೀಡಿಯೊ ಗೇಮ್‌ಗಳು ಅದನ್ನು ಮನೆಮನೆಗೆ ತಂದವು.

ಆಟ ಆಟವಾಗಿಯೇ ಉಳಿದರೆ ಚಿಂತೆಯಿಲ್ಲ. ಆದರೆ ಒಂದು ದಿನ ಆ ಹುಡುಗ, “ಅಬ್ಬಾ, ನಮ್ಮ ಕಾರಿಗೂ ನೈಟ್ರಸ್ ಕಿಟ್ ಹಾಕಿಸಬಹುದಂತೆ” ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಗದರಿಸಿ ಕಳಿಸುವುದು ಸುಲಭ. ಆದರೆ ಮನೆಯಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಮಕ್ಕಳು ಗೆಳೆಯರ ಬಳಿಗೆ ಒಯ್ಯುತ್ತಾರೆ. ಚಿತ್ರದುರ್ಗ ಜಿಲ್ಲೆಯವರಾದ ನಮಗೆ ಈ ಮಾತು ದೂರದ್ದೂ ಅಲ್ಲ. ಹಿರಿಯೂರು, ಚಿತ್ರದುರ್ಗಗಳ ಮಗ್ಗುಲಲ್ಲೇ ಬೆಂಗಳೂರು-ಪುಣೆ ಹೆದ್ದಾರಿ ಹಾದುಹೋಗುತ್ತದೆ. ನೇರವಾದ ಅಗಲ ರಸ್ತೆ, ಹದಿಹರೆಯದ ರಕ್ತ, ಕೈಯಲ್ಲಿ ಕಾರಿನ ಕೀಲಿ. ಮೂರೂ ಒಂದೆಡೆ ಸೇರಿದರೆ ಏನಾಗಬಹುದೆಂದು ಹೆತ್ತವರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ಮೊದಲು ಈ ಸಾಧನ ಹೇಗೆ ಕೆಲಸ ಮಾಡುತ್ತದೆಂದು ತಿಳಿಯೋಣ. ತಿಳಿದ ಮೇಲೆ ‘ಬೇಡ’ ಎಂಬ ಮಾತಿಗೆ ತಾನಾಗಿಯೇ ತೂಕ ಬರುತ್ತದೆ.

ಆಸ್ಪತ್ರೆಯಿಂದ ಇಂಜಿನ್‌ಗೆ

ನೈಟ್ರಸ್ ಆಕ್ಸೈಡ್ ಹೊಸ ವಸ್ತುವಲ್ಲ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಆಂಗ್ಲ ವಿಜ್ಞಾನಿ ಇದನ್ನು ತಯಾರಿಸಿದ. ಉಸಿರಾಡಿದವರಿಗೆ ಅಮಲೇರಿ ನಗು ಬರುತ್ತಿದ್ದುದರಿಂದ ‘ನಗೆ ಅನಿಲ’ ಎಂಬ ಅಡ್ಡಹೆಸರು ಬಂತು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಹಲ್ಲು ಕೀಳುವಾಗ ನೋವು ತಿಳಿಯದಿರಲು ಇದನ್ನು ಬಳಸಿದ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಯಂತ್ರದ ಪಕ್ಕದಲ್ಲಿ ನೀಲಿ ಬಣ್ಣದ ಸಿಲಿಂಡರ್ ಇದ್ದರೆ ಅದರೊಳಗಿರುವುದು ಇದೇ ಅನಿಲ.

ವೈದ್ಯರು ನೈಟ್ರಸ್ಸನ್ನು ಎಂದೂ ಒಂಟಿಯಾಗಿ ಕೊಡುವುದಿಲ್ಲ, ಜೊತೆಗೆ ಆಮ್ಲಜನಕ ಇರಲೇಬೇಕು. ಇಂದಿನ ಅರಿವಳಿಕೆ ಯಂತ್ರಗಳಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 25ರ ಆಸುಪಾಸಿಗಿಂತ ಕೆಳಗಿಳಿಯದಂತೆ ಎರಡೂ ಅನಿಲಗಳ ತಿರುಗಣೆಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ. ಇದನ್ನು ನೆನಪಿನಲ್ಲಿಡಿ. ಕಾರಿನಲ್ಲಿಯೂ ನೈಟ್ರಸ್ಸಿಗೆ ಒಬ್ಬ ಜೊತೆಗಾರ ಬೇಕು. ಅಲ್ಲಿ ಆ ಜೊತೆಗಾರ ಪೆಟ್ರೋಲ್.

ಬಹಳಷ್ಟು ಹುಡುಗರು ನೈಟ್ರಸ್ಸನ್ನು ಪೆಟ್ರೋಲಿಗಿಂತ ಬಿರುಸಾದ ಇಂಧನ ಎಂದು ತಿಳಿದಿದ್ದಾರೆ. ಅದು ತಪ್ಪು. ನೈಟ್ರಸ್ ತಾನು ಇಂಧನವಲ್ಲ. ಸುಮಾರು 300 ಡಿಗ್ರಿ ಶಾಖಕ್ಕೆ ಒಡ್ಡಿದಾಗ ಅದು ಒಡೆದು ಸಾರಜನಕ ಮತ್ತು ಆಮ್ಲಜನಕವಾಗುತ್ತದೆ. ನಾವು ಉಸಿರಾಡುವ ಗಾಳಿಯ ತೂಕದಲ್ಲಿ ಆಮ್ಲಜನಕ ಶೇಕಡಾ 23ರಷ್ಟಿದ್ದರೆ, ನೈಟ್ರಸ್ಸಿನ ತೂಕದಲ್ಲಿ ಅದು ಶೇಕಡಾ 36ರಷ್ಟಿದೆ. ಅಂದರೆ ಇದು ಆಮ್ಲಜನಕ ಹೆಚ್ಚಿರುವ ಒಂದು ಬಗೆಯ ‘ಗಟ್ಟಿ ಗಾಳಿ’. ಎತ್ತರದ ಆಕಾಶದಲ್ಲಿ ಗಾಳಿ ತೆಳುವಾಗಿ ವಿಮಾನದ ಇಂಜಿನ್ ಸೊರಗಿದಾಗ ಜರ್ಮನರು ಎರಡನೇ ಮಹಾಯುದ್ಧದಲ್ಲಿ ನೈಟ್ರಸ್ ಊದುವ ಜಿಎಂ-1 ಎಂಬ ವ್ಯವಸ್ಥೆಯನ್ನು ಬಳಸಿದ್ದು ಈ ಗುಣಕ್ಕಾಗಿಯೇ. ಒಲೆಗೆ ಊದುಕೊಳವೆಯಿಂದ ಊದಿದಂತೆ ಇದು. ಊದಿದರೆ ಉರಿ ಏರುತ್ತದೆ, ಆದರೆ ಉರಿಯುವುದು ಸೌದೆಯೇ.

ಪೆಟ್ರೋಲ್ ಇಂಜಿನ್ನಿಗೆ ಹೇಗೆ ಬರುತ್ತದೆ?

ಇಂಜಿನ್ನಿನ ಒಳಗೆ ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಮೆಕ್ಯಾನಿಕ್‌ಗಳು ‘ಲೀನ್’ ಎನ್ನುತ್ತಾರೆ, ಪೆಟ್ರೋಲ್ ಹೆಚ್ಚಾದರೆ ‘ರಿಚ್’ ಎನ್ನುತ್ತಾರೆ. ಬಿರಿಯಾನಿಗೆ ಅಕ್ಕಿ ನೀರಿನ ಅಳತೆ ಎಷ್ಟು ಮುಖ್ಯವೋ ಇಂಜಿನ್ನಿಗೆ ಈ ಅಳತೆ ಅಷ್ಟೇ ಮುಖ್ಯ.

ಹಳೆಯ ಕಾರುಗಳಲ್ಲಿ ಈ ಅಳತೆಯನ್ನು ಕಾರ್ಬ್ಯುರೇಟರ್ ನೋಡಿಕೊಳ್ಳುತ್ತಿತ್ತು. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ತೋಟದಲ್ಲೋ ಹೊಳಲ್ಕೆರೆಯ ಅಡಿಕೆ ತೋಟದಲ್ಲೋ ಹನಿ ನೀರಾವರಿ ಪೈಪಿಗೆ ಗೊಬ್ಬರ ಸೇರಿಸುವ ‘ವೆಂಚುರಿ’ ನೋಡಿದ್ದೀರಾ? ಪೈಪಿನ ನಡು ಕಿರಿದಾಗಿರುತ್ತದೆ. ಅಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಬಕೆಟ್‌ನಲ್ಲಿರುವ ಗೊಬ್ಬರದ ನೀರು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಕಾರ್ಬ್ಯುರೇಟರ್ ಮಾಡುವುದೂ ಇದನ್ನೇ. ನೀರಿನ ಬದಲು ಗಾಳಿ, ಗೊಬ್ಬರದ ಬದಲು ಪೆಟ್ರೋಲ್. ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿರ್ಧರಿಸುವುದು ‘ಜೆಟ್’ ಎಂಬ ಹಿತ್ತಾಳೆಯ ಸಣ್ಣ ತೂತು.

ಈಗಿನ ಕಾರುಗಳಲ್ಲಿ ಆ ಕೆಲಸ ಇಂಜೆಕ್ಟರ್‌ನದು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಸಾಮಾನ್ಯವಾಗಿ 40ರಿಂದ 50 ಪಿಎಸ್‌ಐ ಒತ್ತಡದಲ್ಲಿ ಕಳಿಸುತ್ತದೆ. ಎಷ್ಟು ಗಾಳಿ ಬರುತ್ತಿದೆ ಎಂದು ಸೆನ್ಸರ್‌ಗಳು ಅಳೆಯುತ್ತವೆ. ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕಿ ಇಂಜೆಕ್ಟರನ್ನು ಕೆಲವೇ ಮಿಲಿಸೆಕೆಂಡು ತೆರೆದು ಮುಚ್ಚುತ್ತದೆ. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 50 ಸಲ ಈ ಲೆಕ್ಕ ನಡೆಯಬೇಕು. ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಪರೀಕ್ಷಿಸಿ ಲೆಕ್ಕ ಸರಿಯಾಯಿತೇ ಎಂದು ವರದಿ ಕೊಡುತ್ತಿರುತ್ತದೆ.

ನೈಟ್ರಸ್ ಬಂದಾಗ ಲೆಕ್ಕ ಬದಲಾಗುತ್ತದೆ

ಗ್ಯಾಸ್ ಸಿಲಿಂಡರು, ಇಂಜಿನ್ ಸಿಲಿಂಡರು ಎಂದು ಗೊಂದಲ ಬೇಡ. ಓಟಗಾರರು ಕರೆಯುವಂತೆ ನಾವೂ ನೈಟ್ರಸ್ ಸಿಲಿಂಡರನ್ನು ‘ಬಾಟಲಿ’ ಎನ್ನೋಣ.

ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕೆಂದೆವಲ್ಲ, ನೈಟ್ರಸ್ಸಾದರೆ 9ರಿಂದ 10 ಕೆಜಿಯೊಳಗೆ ಸಾಕು. ಇದರ ಅರ್ಥವಿಷ್ಟೇ: ಬಾಟಲಿಯಿಂದ ಬರುವ ಪ್ರತಿ ಹಿಡಿ ನೈಟ್ರಸ್ಸಿಗೂ ಅದಕ್ಕೆ ತಕ್ಕಷ್ಟು ಹೆಚ್ಚುವರಿ ಪೆಟ್ರೋಲ್ ಅದೇ ಕ್ಷಣಕ್ಕೆ, ಅದೇ ಜಾಗಕ್ಕೆ ತಲುಪಬೇಕು. ಇಡೀ ವ್ಯವಸ್ಥೆಯ ಜಾಣ್ಮೆಯೆಲ್ಲ ಈ ಪೆಟ್ರೋಲ್ ತಲುಪಿಸುವುದರಲ್ಲೇ ಇದೆ. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ‘ವೆಟ್’ ಅಂದರೆ ಒದ್ದೆ ವ್ಯವಸ್ಥೆ. ಇದರಲ್ಲಿ ಎರಡು ಸೊಲೆನಾಯ್ಡ್ ವಾಲ್ವ್‌ಗಳಿರುತ್ತವೆ, ಒಂದು ನೈಟ್ರಸ್ಸಿಗೆ, ಇನ್ನೊಂದು ಪೆಟ್ರೋಲಿಗೆ. ಗುಂಡಿ ಒತ್ತಿದಾಗ ಎರಡೂ ಒಟ್ಟಿಗೆ ತೆರೆದು, ಒಂದೇ ನಾಜಲ್ ಮೂಲಕ ಗಾಳಿಯ ಕೊಳವೆಗೆ ಎರಡನ್ನೂ ಸಿಂಪಡಿಸುತ್ತವೆ. ಎರಡಕ್ಕೂ ಅಳತೆಯ ಜೆಟ್‌ಗಳಿರುತ್ತವೆ. ನೈಟ್ರಸ್ ಜೆಟ್ ದೊಡ್ಡದು ಮಾಡಿದರೆ ಪೆಟ್ರೋಲ್ ಜೆಟ್ಟೂ ತಕ್ಕಂತೆ ದೊಡ್ಡದಾಗಬೇಕು. ಇದರ ತೊಂದರೆಯೆಂದರೆ, ಇಂಜೆಕ್ಟರ್ ಕಾರುಗಳ ಗಾಳಿ ಕೊಳವೆಯನ್ನು ಬರೀ ಗಾಳಿಗಾಗಿ ರೂಪಿಸಿರುತ್ತಾರೆ. ಇಂಜಿನ್ ನಿಧಾನವಾಗಿದ್ದಾಗ ಸಿಂಪಡಿಸಿದರೆ ಪೆಟ್ರೋಲ್ ತಿರುವುಗಳಲ್ಲಿ ಹನಿಗೂಡಿ ನಿಲ್ಲುತ್ತದೆ. ಹಿಂದಿನಿಂದ ಒಂದು ಕಿಡಿ ಬಂದರೆ ಸಾಕು, ಕೊಳವೆಯೇ ಸಿಡಿಯುತ್ತದೆ.

ಎರಡನೆಯದು ‘ಡ್ರೈ’ ಅಂದರೆ ಒಣ ವ್ಯವಸ್ಥೆ. ಕೊಳವೆಗೆ ನೈಟ್ರಸ್ ಮಾತ್ರ ಹೋಗುತ್ತದೆ, ಹೆಚ್ಚುವರಿ ಪೆಟ್ರೋಲನ್ನು ಕಾರಿನ ಇಂಜೆಕ್ಟರ್‌ಗಳೇ ಕೊಡಬೇಕು. ಅದಕ್ಕಾಗಿ ಇಸಿಯುವಿನ ಲೆಕ್ಕವನ್ನು ಹೊಸದಾಗಿ ಬರೆಯುತ್ತಾರೆ, ಇಲ್ಲವೇ ಪೆಟ್ರೋಲಿನ ಒತ್ತಡವನ್ನು ಆ ಹೊತ್ತಿಗೆ ಏರಿಸುತ್ತಾರೆ. ಆದರೆ ಇಂಜೆಕ್ಟರ್‌ಗೂ ಮಿತಿಯಿದೆ. ಪೂರ್ತಿ ತೆರೆದೇ ಇಟ್ಟರೂ ಇಷ್ಟೇ ಪೆಟ್ರೋಲ್ ಎಂಬ ಗಡಿ ಬಂದ ಮೇಲೆ ಇಸಿಯು ಎಷ್ಟು ಕೇಳಿದರೂ ಪ್ರಯೋಜನವಿಲ್ಲ.

ಮೂರನೆಯದರಲ್ಲಿ ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ನಾಜಲ್ ಇರುತ್ತದೆ. ಪಾಲು ಸಮನಾಗುತ್ತದೆ, ಆದರೆ ಖರ್ಚು ಮತ್ತು ಕುಶಲತೆ ಎರಡೂ ಹೆಚ್ಚು ಬೇಕು. ಇದು ದೊಡ್ಡ ಓಟದ ಕಾರುಗಳ ವ್ಯವಸ್ಥೆ.

ಯಾವ ದಾರಿಯಾದರೂ ಕಾವಲುಗಾರರು ಇರಲೇಬೇಕು. ಮೊದಲು ಒಂದು ಮುಖ್ಯ ಸ್ವಿಚ್. ಆಮೇಲೆ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಬಿಡುವ ಸ್ವಿಚ್. ಇಂಜಿನ್ನಿನ ಸುತ್ತು ನಿಗದಿತ ಮಿತಿಯೊಳಗಿದ್ದರೆ ಮಾತ್ರ ಬಿಡುವ ಇನ್ನೊಂದು. ಕೊನೆಯದಾಗಿ ಪೆಟ್ರೋಲಿನ ಒತ್ತಡ ಇಳಿದ ಕೂಡಲೇ ನೈಟ್ರಸ್ಸನ್ನು ನಿಲ್ಲಿಸುವ ಸ್ವಿಚ್. ಅರಿವಳಿಕೆ ಯಂತ್ರದ ಜೋಡಿ ತಿರುಗಣೆಯ ನೆನಪಾಯಿತೇ? ಅಗ್ಗದ ಕಿಟ್‌ಗಳಲ್ಲಿ ಮೊದಲು ಮಾಯವಾಗುವುದು ಈ ಕಾವಲುಗಾರರೇ.

ಮಾರಿಕಣಿವೆಯ ತೂಬು, ದುರ್ಗದ ಬಿಸಿಲು

ಹಿರಿಯೂರಿನವರಿಗೆ ವಾಣಿವಿಲಾಸ ಸಾಗರದ ಪರಿಚಯ ಹೇಳಬೇಕಾಗಿಲ್ಲ. ವೇದಾವತಿಗೆ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ತಳದಲ್ಲಿದ್ದಾಗ ತೂಬನ್ನು ಒಂದು ಗೇಣು ಎತ್ತಿದರೆ ಬರುವ ನೀರು ಬೇರೆ, ಅಣೆಕಟ್ಟು ತುಂಬಿದ್ದಾಗ ಅದೇ ಒಂದು ಗೇಣಿಗೆ ನುಗ್ಗುವ ನೀರು ಬೇರೆ. ತೂಬಿನ ಬಾಯಿ ಒಂದೇ, ಹಿಂದಿನ ಒತ್ತಡ ಬದಲಾಗಿದೆ.

ನೈಟ್ರಸ್ ಜೆಟ್ಟಿನ ಕಥೆಯೂ ಇದೇ. ಬಾಟಲಿಯಲ್ಲಿ ನೈಟ್ರಸ್ ದ್ರವರೂಪದಲ್ಲಿರುತ್ತದೆ. ಅದರ ಒತ್ತಡವನ್ನು ನಿರ್ಧರಿಸುವುದು ಬಾಟಲಿಯ ಶಾಖ. 20 ಡಿಗ್ರಿಯಲ್ಲಿ ಸುಮಾರು 735 ಪಿಎಸ್‌ಐ ಇದ್ದದ್ದು 30 ಡಿಗ್ರಿಗೆ 900 ದಾಟುತ್ತದೆ. ನಿಮ್ಮ ಕಾರಿನ ಟೈರಿಗೆ ತುಂಬುವ ಗಾಳಿ 30 ಪಿಎಸ್‌ಐ ಆಸುಪಾಸು ಎಂಬುದನ್ನು ನೆನೆದರೆ ಇದೆಷ್ಟೆಂದು ಅಂದಾಜಾದೀತು. ಅತ್ತ ಪೆಟ್ರೋಲಿನ ಒತ್ತಡ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾದರೆ ಬೆಳಗಿನ ತಂಪಿನಲ್ಲಿ ಸರಿಹೊಂದಿಸಿದ ಕಿಟ್ ಮಧ್ಯಾಹ್ನದ ಬಿಸಿಲಿಗೆ ಹೆಚ್ಚು ನೈಟ್ರಸ್ ಊದುತ್ತದೆ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ. ಇಂಜಿನ್ ಲೀನ್ ಆಗುತ್ತದೆ. ಬಾಟಲಿ ಬರಿದಾಗುತ್ತ ಒತ್ತಡ ಇಳಿದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ.

ಇನ್ನೊಂದು ಮಾತು. 36.4 ಡಿಗ್ರಿ ದಾಟಿದರೆ ಎಷ್ಟೇ ಒತ್ತಿದರೂ ನೈಟ್ರಸ್ ದ್ರವವಾಗಿ ಉಳಿಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ದುರ್ಗದ ಬಿಸಿಲು ಈ ಗಡಿ ದಾಟುವುದು ಹೊಸದೇನಲ್ಲ. ಕೋಟೆಯ ಬಂಡೆಗಳ ಕೆಳಗೆ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡಿಕ್ಕಿಯಂತೂ ಒಲೆಯೇ ಸರಿ. ಅಲ್ಲಿ ಬಾಟಲಿಯ ಒತ್ತಡ ಏರುತ್ತಲೇ ಹೋಗಿ, ಕಡೆಗೆ ಅದರ ಸುರಕ್ಷತಾ ತಟ್ಟೆ ಒಡೆದು ಅನಿಲವೆಲ್ಲ ಹೊರನುಗ್ಗಬಹುದು. ಹಿಂದಿನ ಸೀಟಿನಲ್ಲಿ ಮಗು ಮಲಗಿದ್ದರೆ?

ಪೆಟ್ರೋಲ್ ಕಡಿಮೆಯಾದರೆ ಏನಾಗುತ್ತದೆ?

ಇದನ್ನು ತಿಳಿಯಲು ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು. ಗ್ಯಾಸ್ ಕಟಿಂಗ್ ಮಾಡುವವರು ಮೊದಲು ಜ್ವಾಲೆಯಿಂದ ಕಬ್ಬಿಣವನ್ನು ಕೆಂಪಗೆ ಕಾಯಿಸುತ್ತಾರೆ. ಆಮೇಲೆ ಟಾರ್ಚಿನ ಹಿಡಿಯನ್ನು ಒತ್ತಿ ಬರೀ ಆಮ್ಲಜನಕ ಬಿಡುತ್ತಾರೆ. ಆಗ ಕಬ್ಬಿಣವೇ ಉರಿದು ಕಿಡಿಯಾಗಿ ಉದುರುತ್ತದೆ. ಇಂಧನಕ್ಕಿಂತ ಹೆಚ್ಚಾದ ಆಮ್ಲಜನಕ ಕಾದ ಲೋಹವನ್ನೇ ತಿನ್ನುತ್ತದೆ.

ಪೆಟ್ರೋಲ್ ಸಾಲದೆ ನೈಟ್ರಸ್ ಹೆಚ್ಚಾದ ಇಂಜಿನ್ನಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಪಿಸ್ಟನ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಇನ್ನೂ ಉರಿಯದ ಮಿಶ್ರಣ ಕಿಡಿಯಿಂದ ಹೊರಟ ಜ್ವಾಲೆ ತಲುಪುವವರೆಗೆ ಕಾಯದೆ ಸುತ್ತಿಗೆಯೇಟಿನಂತೆ ಸಿಡಿಯುತ್ತದೆ. ಇದೇ ‘ನಾಕಿಂಗ್’. ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ತೂತಾಗಬಹುದು, ರಾಡ್ ಬಾಗಬಹುದು. ಅದಕ್ಕಾಗಿಯೇ ಬಲ್ಲವರು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತಾರೆ, ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕುತ್ತಾರೆ, ಮಿಶ್ರಣವನ್ನು ಬೇಕೆಂದೇ ತುಸು ರಿಚ್ ಇಡುತ್ತಾರೆ.

ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಾಡಿದ ಮಾರುತಿ 800ರ ಇಡೀ ಶಕ್ತಿ ಸುಮಾರು 37 ಅಶ್ವಶಕ್ತಿ. ಓಟದವರು ‘ಸಣ್ಣದು’ ಎಂದು ಕರೆಯುವ ನೈಟ್ರಸ್ ಕಿಟ್ 50 ಅಶ್ವಶಕ್ತಿಯದು. ಮನೆಮಂದಿಯನ್ನು ಹೊಳಲ್ಕೆರೆಯ ಮದುವೆಗೋ ಹೊಸದುರ್ಗದ ಸಂತೆಗೋ ಕರೆದೊಯ್ಯಲು ಮಾಡಿದ ಪುಟ್ಟ ಇಂಜಿನ್ನಿನ ಮೇಲೆ ಅದರ ಶಕ್ತಿಗಿಂತ ದೊಡ್ಡ ಹೊರೆ ಹೇರಿದಂತೆ ಅದು. ಬ್ರೇಕು, ಟೈರುಗಳಂತೂ ಮೊದಲಿನವೇ! ಇಷ್ಟೆಲ್ಲ ಮಾಡಿ ಸಿಗುವುದೇನು? 100 ಅಶ್ವಶಕ್ತಿಯ ಕಿಟ್ ನಾಲ್ಕೂವರೆ ಕೆಜಿಯ ಬಾಟಲಿಯನ್ನು ಒಂದೆರಡು ನಿಮಿಷದಲ್ಲಿ ಬರಿದು ಮಾಡುತ್ತದೆ.

ಕಾನೂನು ಏನನ್ನುತ್ತದೆ?

ನೈಟ್ರಸ್ಸಿಗೂ ಒಂದು ಜಾಗವಿದೆ. ಅದು ಓಟದ ಟ್ರ್ಯಾಕು. ಅಲ್ಲಿ ಜನರಿಲ್ಲ, ಎದುರಿನಿಂದ ಲಾರಿ ಬರುವುದಿಲ್ಲ, ಆಂಬುಲೆನ್ಸ್ ನಿಂತಿರುತ್ತದೆ, ಇಂಜಿನ್ ಹೋದರೆ ತಂಡದ ದುಡ್ಡು ಹೋಗುತ್ತದೆ. ಸಾರ್ವಜನಿಕ ರಸ್ತೆಯ ಕಥೆ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಹದಿನೆಂಟು ತುಂಬದ ಮಗ ಕಾರು ಓಡಿಸಿ ಅಪರಾಧ ಮಾಡಿದರೆ ಕಾನೂನು ಮೊದಲು ಹುಡುಕುವುದು ಹೆತ್ತವರನ್ನು ಅಥವಾ ವಾಹನದ ಮಾಲೀಕರನ್ನು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೀಲಿ ಕೊಡುವ ಮುನ್ನ ಇದನ್ನು ಒಮ್ಮೆ ನೆನೆಯಿರಿ.

ಅಳತೆ ಮೀರದಿರಿ

ಪವಿತ್ರ ಕುರ್‌ಆನಿನ ‘ಅರ್ರಹ್ಮಾನ್’ ಅಧ್ಯಾಯದಲ್ಲಿ ಅಲ್ಲಾಹನು ಆಕಾಶವನ್ನು ಎತ್ತರಿಸಿದ ಜೊತೆಯಲ್ಲೇ ‘ಮೀಝಾನ್’ ಅಂದರೆ ತಕ್ಕಡಿಯ ಪ್ರಸ್ತಾಪ ಬರುತ್ತದೆ, ತೂಕದಲ್ಲಿ ಅತಿಕ್ರಮಿಸಬಾರದೆಂಬ ತಾಕೀತೂ ಬರುತ್ತದೆ. ನಾವು ಅದನ್ನು ಅಂಗಡಿಯ ತಕ್ಕಡಿಗಷ್ಟೇ ಸೀಮಿತಗೊಳಿಸಿದ್ದೇವೆ. ಆದರೆ ಗಾಳಿಗೆ ಪೆಟ್ರೋಲಿನಷ್ಟು, ಯೌವನದ ಹುರುಪಿಗೆ ವಿವೇಕದಷ್ಟು ಎಂಬ ಲೆಕ್ಕವೂ ಅದೇ ತಕ್ಕಡಿಯದು. ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಭಾಗ ಎಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ತಾವೇ ದಾರಿಯ ತೊಂದರೆಯಾಗಬಹುದೇ? ನಮ್ಮ ಪ್ರಾಣ ಅಮಾನತ್. ಎದುರಿನಿಂದ ಬರುವವನ ಪ್ರಾಣವೂ ಅಮಾನತ್.

ಇನ್ನು ಗ್ಯಾರೇಜಿನಲ್ಲಿ ದುಡಿಯುವ ನಮ್ಮ ತಮ್ಮಂದಿರಿಗೆ ಒಂದು ಮಾತು. ನಮ್ಮ ಸಮುದಾಯದ ಎಷ್ಟೋ ಮನೆಗಳ ಒಲೆ ಗ್ಯಾರೇಜಿನ ದುಡಿಮೆಯಿಂದಲೇ ಉರಿಯುತ್ತಿದೆ. ಉಸ್ತಾದರ ಕೈಕೆಳಗೆ ಕಣ್ಣಿನಿಂದ ಕಲಿತ ವಿದ್ಯೆ ದೊಡ್ಡದು. ಆದರೆ ಈಗಿನ ಕಾರು ಕಿವಿಗೆ ಮಾತ್ರ ಮಾತಾಡುವುದಿಲ್ಲ, ಸ್ಕ್ಯಾನರಿಗೆ ಮಾತಾಡುತ್ತದೆ. ಹತ್ತನೆಯದು ಪಾಸಾಗಿದ್ದರೆ ಐಟಿಐಯಲ್ಲಿ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ತರಬೇತಿ ಇದೆ. ಪೆಟ್ರೋಲಿನ ಒತ್ತಡ ಅಳೆಯಲು, ಇಂಜೆಕ್ಟರ್ ಪರೀಕ್ಷಿಸಲು, ಸೆನ್ಸರಿನ ಅಂಕಿ ಓದಲು ಕಲಿಯಿರಿ. ಯಾರಾದರೂ ದುಡ್ಡು ಹಿಡಿದು ಬಂದು ನೈಟ್ರಸ್ ಹಾಕಿಕೊಡು ಎಂದರೆ, ‘ಆಗುವುದಿಲ್ಲ’ ಎನ್ನುವ ಮೊದಲು ‘ಏಕೆ ಆಗುವುದಿಲ್ಲ’ ಎಂದು ಕೂರಿಸಿ ಹೇಳುವ ಉಸ್ತಾದ್ ನೀವಾಗಬೇಕು.

ಹೆತ್ತವರೇ, ಮಗನ ಕುತೂಹಲವನ್ನು ಕೊಲ್ಲಬೇಡಿ. ಬರುವ ಭಾನುವಾರ ಅವನನ್ನು ಕರೆದು ಕಾರಿನ ಬಾನೆಟ್ ಎತ್ತಿ. ಏರ್ ಫಿಲ್ಟರ್ ತೆಗೆಸಿ. ನಮ್ಮ ಬಯಲುಸೀಮೆಯ ಧೂಳು ಅದರಲ್ಲಿ ಎಷ್ಟು ಕೂತಿದೆ ನೋಡಲಿ. ಪೆಟ್ರೋಲ್ ಫಿಲ್ಟರ್ ಎಲ್ಲಿದೆ, ಇಂಜೆಕ್ಟರ್ ಎಲ್ಲಿದೆ ಎಂದು ಅವನೇ ಹುಡುಕಲಿ. ಟ್ಯಾಂಕನ್ನು ಪೂರ್ತಿ ಖಾಲಿಯಾಗುವವರೆಗೆ ಓಡಿಸಬಾರದು, ಒಳಗಿನ ಪಂಪನ್ನು ತಂಪಾಗಿಡುವುದು ಆ ಪೆಟ್ರೋಲೇ ಎಂದು ತಿಳಿಸಿ. ಏರಿನಲ್ಲಿ ಇಂಜಿನ್ ಟಕಟಕ ಎಂದರೆ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹೊತ್ತಿದರೆ ಅದು ಅಳತೆ ತಪ್ಪಿದ ಸೂಚನೆಯಿರಬಹುದೆಂದು ಹೇಳಿ.

ಅಷ್ಟಾದ ಮೇಲೆ ಅವನು ನೈಟ್ರಸ್ಸಿನ ಬಗ್ಗೆ ಮತ್ತೆ ಕೇಳಿದರೆ ನೀವು ತಿರುಗಿ ಒಂದೇ ಪ್ರಶ್ನೆ ಕೇಳಿ: “ಸರಿ ಮಗನೇ, ಅಷ್ಟು ಗ್ಯಾಸಿಗೆ ಪೆಟ್ರೋಲ್ ಎಲ್ಲಿಂದ, ಎಷ್ಟು ಬರುತ್ತದೆ?” ಅವನು ಲೆಕ್ಕ ಹಾಕಲು ಕೂತನೆಂದರೆ, ಇನ್‌ಶಾ ಅಲ್ಲಾಹ್, ಕೀಲಿಯ ಬಗ್ಗೆ ನಿಮ್ಮ ಚಿಂತೆ ಅರ್ಧ ಕಡಿಮೆಯಾದಂತೆ.